ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಸಮಯ: ನೀವೇ ಲೆಕ್ಕ ಹಾಕುವ ವಿಧಾನ

ಒಂದು ಪ್ರಾದೇಶಿಕ ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕು. ದೂರ ಎಷ್ಟು, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊಬೈಲ್‌ನಲ್ಲಿ ಹುಡುಕುತ್ತೀರಿ. ಥಟ್ಟನೆ ಉತ್ತರ ಬರುತ್ತದೆ: 569 ಕಿ.ಮೀ., 1 ಗಂಟೆ 10 ನಿಮಿಷ. ಈ ಉತ್ತರ ಸುಳ್ಳಲ್ಲ. ಆದರೆ ಇದನ್ನು ನಂಬಿ ಯಾರಿಗೋ ಸಮಯ ಕೊಟ್ಟರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ವಿಮಾನ ಗಾಳಿಯೇ ಇಲ್ಲದ ಆಕಾಶದಲ್ಲಿ, ನೇರ ದಾರಿಯಲ್ಲಿ, ಮೊದಲ ಕ್ಷಣದಿಂದಲೇ ಪೂರ್ತಿ ವೇಗದಲ್ಲಿ ಹಾರಿದರೆ ಬರುವ ಲೆಕ್ಕ ಇದು. ಆ ಎರಡು ಊರುಗಳ ನಡುವೆ ನೇರ ವಿಮಾನ ಇದೆಯೋ ಇಲ್ಲವೋ ಎಂಬುದನ್ನು ಇದು ಹೇಳುವುದೇ ಇಲ್ಲ.

ದೊಡ್ಡ ನಗರಗಳ ನಡುವೆ ಇದು ಅಷ್ಟಾಗಿ ಕಾಡುವುದಿಲ್ಲ. ಸಣ್ಣ ನಿಲ್ದಾಣಗಳ ವಿಷಯದಲ್ಲಿ ಮಾತ್ರ ದೂರದ ಲೆಕ್ಕವೇ ಬೇರೆ, ಸಮಯದ ಲೆಕ್ಕವೇ ಬೇರೆ. ಎರಡನ್ನೂ ಹೇಗೆ ಹಾಕುವುದು ಅಂತ ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಎರಡು ನಿಲ್ದಾಣಗಳನ್ನು ಆರಿಸಿಕೊಂಡಿದ್ದೇನೆ. ದ್ವೀಪದ ತೆಂಕು ಭಾಗದಲ್ಲಿ ಡನೀಡನ್, ಬಡಗಣ ತುದಿಯಲ್ಲಿ ನೆಲ್ಸನ್. ಎರಡರ ನಡುವೆ ಕ್ರೈಸ್ಟ್‌ಚರ್ಚ್ ಎಂಬ ದೊಡ್ಡ ನಿಲ್ದಾಣವಿದೆ. ಈ ಮೂರು ಊರುಗಳ ಲೆಕ್ಕ ಅರ್ಥವಾದರೆ ಬೇರೆ ಯಾವ ಜೋಡಿಗೂ ನೀವೇ ಹಾಕಬಹುದು.

ಹಂತ 1: ನಿಲ್ದಾಣ ಯಾವುದೆಂದು ಖಾತ್ರಿ ಮಾಡಿಕೊಳ್ಳಿ

ಊರ ಹೆಸರನ್ನು ನಂಬಬೇಡಿ, ಕೋಡ್ ನೋಡಿ. ಪ್ರತಿ ನಿಲ್ದಾಣಕ್ಕೂ ಸಾಮಾನ್ಯವಾಗಿ ಎರಡು ಕೋಡ್ ಇರುತ್ತವೆ. ಟಿಕೆಟ್ ಮೇಲೆ, ಬ್ಯಾಗಿನ ಚೀಟಿ ಮೇಲೆ ಕಾಣುವುದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ಕೊಡುವ ಮೂರಕ್ಷರದ ಕೋಡ್. ಪೈಲಟ್‌ಗಳು ಮತ್ತು ವಾಯು ಸಂಚಾರ ನಿಯಂತ್ರಕರು ಬಳಸುವುದು ವಿಶ್ವಸಂಸ್ಥೆಯ ವಾಯುಯಾನ ಸಂಸ್ಥೆಯಾದ ಐಸಿಎಒ ಕೊಡುವ ನಾಲ್ಕಕ್ಷರದ ಕೋಡ್. ಡನೀಡನ್‌ಗೆ ಡಿಯುಡಿ ಮತ್ತು ಎನ್‌ಝಡ್‌ಡಿಎನ್. ನೆಲ್ಸನ್‌ಗೆ ಎನ್‌ಎಸ್‌ಎನ್ ಮತ್ತು ಎನ್‌ಝಡ್‌ಎನ್‌ಎಸ್.

ಇಷ್ಟೊಂದು ಎಚ್ಚರ ಯಾಕೆ ಅಂದರೆ, ಒಂದೇ ಹೆಸರಿನ ಊರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟವರು ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿಯಲ್ಲಿ ಇಳಿದ ಪ್ರಕರಣಗಳು ಸುದ್ದಿಯಾಗಿವೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಅಮೆರಿಕವೊಂದರಲ್ಲೇ ಪೋರ್ಟ್‌ಲ್ಯಾಂಡ್ ಎರಡು ಕಡೆ ಇದೆ, ಒಂದು ಒರೆಗಾನ್‌ನಲ್ಲಿ, ಇನ್ನೊಂದು ಮೇನ್‌ನಲ್ಲಿ.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ದೂರದ ಲೆಕ್ಕ ಊರಿನ ನಡುಮಧ್ಯದಿಂದ ಶುರುವಾಗಬಾರದು, ನಿಲ್ದಾಣದಿಂದಲೇ ಶುರುವಾಗಬೇಕು. ವಿಮಾನ ನಿಲ್ದಾಣ ಊರಿನಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಇರುವುದು ಸಾಮಾನ್ಯ. ಡನೀಡನ್‌ನದೂ ಹಾಗೇ. ಪ್ರತಿ ನಿಲ್ದಾಣಕ್ಕೂ ಅಧಿಕೃತವಾಗಿ ಗೊತ್ತುಮಾಡಿದ ಒಂದು ಬಿಂದು ಇರುತ್ತದೆ. ವಿಕಿಪೀಡಿಯದಲ್ಲಿ ನಿಲ್ದಾಣದ ಪುಟ ತೆರೆದರೆ ಅದು ಸಿಗುತ್ತದೆ.

ಕೆಲವು ಕಡೆ ಇದನ್ನು ಡಿಗ್ರಿ, ನಿಮಿಷ, ಸೆಕೆಂಡ್‌ಗಳಲ್ಲಿ ಕೊಟ್ಟಿರುತ್ತಾರೆ. ಲೆಕ್ಕಕ್ಕೆ ಬೇಕಾದದ್ದು ದಶಮಾಂಶ. ನಿಮಿಷವನ್ನು 60ರಿಂದ ಭಾಗಿಸಿ, ಸೆಕೆಂಡನ್ನು 3600ರಿಂದ ಭಾಗಿಸಿ, ಎರಡನ್ನೂ ಡಿಗ್ರಿಗೆ ಕೂಡಿಸಿ. ಡನೀಡನ್‌ನ ಅಕ್ಷಾಂಶ 45 ಡಿಗ್ರಿ 55 ನಿಮಿಷ 41 ಸೆಕೆಂಡ್ ದಕ್ಷಿಣ. 55 ಭಾಗಿಸು 60 ಅಂದರೆ 0.9167. 41 ಭಾಗಿಸು 3600 ಅಂದರೆ 0.0114. ಒಟ್ಟು 45.9281.

ನಮಗೆ ಬೇಕಾದ ಮೂರು ಜಾಗಗಳು ಇವು:

- ಡನೀಡನ್: −45.9281, 170.1983
- ಕ್ರೈಸ್ಟ್‌ಚರ್ಚ್: −43.4894, 172.5344
- ನೆಲ್ಸನ್: −41.2983, 173.2211

ಭೂಮಧ್ಯರೇಖೆಯ ಕೆಳಗಿನ ಅಕ್ಷಾಂಶಕ್ಕೆ ಮೈನಸ್ ಚಿಹ್ನೆ. ಗ್ರೀನಿಚ್‌ನಿಂದ ಪಶ್ಚಿಮಕ್ಕಿರುವ ರೇಖಾಂಶಕ್ಕೂ ಮೈನಸ್. ಇಲ್ಲಿ ಒಂದೇ ಒಂದು ಮೈನಸ್ ಬಿಟ್ಟುಹೋದರೂ ಲೆಕ್ಕ ಪೂರ್ತಿ ಕೆಡುತ್ತದೆ. ನೆಲ್ಸನ್‌ನ ಮೈನಸ್ ಮರೆತರೆ ಇದೇ ಎರಡು ಊರುಗಳ ನಡುವೆ ಸುಮಾರು 9,700 ಕಿ.ಮೀ. ಬರುತ್ತದೆ. ಉತ್ತರ ವಿಚಿತ್ರ ಅನ್ನಿಸಿದರೆ ಮೊದಲು ನೋಡಬೇಕಾದದ್ದು ಚಿಹ್ನೆಯನ್ನೇ.

ಹಂತ 3: ನೇರ ದೂರ ಕಂಡುಹಿಡಿಯಿರಿ

ಭೂಮಿ ದುಂಡಗಿದೆ. ಹಾಗಾಗಿ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲ, ಗೋಳದ ಮೈಮೇಲೆ ಹಾದುಹೋಗುವ ಮಹಾವೃತ್ತದ ತುಂಡು. ಸಾವಿರಾರು ಕಿಲೋಮೀಟರ್ ಹಾರುವಾಗ ಈ ವ್ಯತ್ಯಾಸ ದೊಡ್ಡದು. ಪ್ರಾದೇಶಿಕ ದೂರಗಳಲ್ಲಿ ಅಷ್ಟೇನೂ ಇಲ್ಲ. ಆದ್ದರಿಂದ ನಮಗೊಂದು ಸುಲಭ ದಾರಿ ಇದೆ, ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಒಂದು ಡಿಗ್ರಿ ಅಕ್ಷಾಂಶ ಅಂದರೆ ಎಲ್ಲಿ ಹೋದರೂ ಸುಮಾರು 111.2 ಕಿ.ಮೀ. ರೇಖಾಂಶ ಹಾಗಲ್ಲ. ಭೂಮಧ್ಯರೇಖೆಯಲ್ಲಿ ಅದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಧ್ರುವದ ಕಡೆ ಹೋದ ಹಾಗೆ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ ಎನ್ನುವುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಈಗ ಲೆಕ್ಕ ಹೀಗೆ:

1. ಅಕ್ಷಾಂಶಗಳ ವ್ಯತ್ಯಾಸ: 45.9281 − 41.2983 = 4.6298 ಡಿಗ್ರಿ. ಇದನ್ನು 111.2ರಿಂದ ಗುಣಿಸಿದರೆ 515 ಕಿ.ಮೀ. ಇದು ಉತ್ತರ-ದಕ್ಷಿಣದ ದೂರ.
2. ರೇಖಾಂಶಗಳ ವ್ಯತ್ಯಾಸ: 3.0228 ಡಿಗ್ರಿ. ಎರಡು ಊರುಗಳ ಸರಾಸರಿ ಅಕ್ಷಾಂಶ 43.6. ಅದರ ಕೊಸೈನ್ 0.724. 3.0228 × 0.724 × 111.2 = 243 ಕಿ.ಮೀ. ಇದು ಪೂರ್ವ-ಪಶ್ಚಿಮದ ದೂರ.
3. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಾಕಿ. 515ರ ವರ್ಗಕ್ಕೆ 243ರ ವರ್ಗ ಕೂಡಿಸಿ, ವರ್ಗಮೂಲ ತೆಗೆಯಿರಿ. ಉತ್ತರ 569 ಕಿ.ಮೀ.

ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಹ್ಯಾವರ್‌ಸೈನ್ ಸೂತ್ರ ಇದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಲ ಬರೆದಿಟ್ಟುಕೊಂಡರೆ ಯಾವಾಗಲೂ ಬಳಸಬಹುದು. ಮೊದಲು ಎಲ್ಲ ಕೋನಗಳನ್ನೂ ರೇಡಿಯನ್‌ಗೆ ಬದಲಿಸಿ. ಅಕ್ಷಾಂಶ ವ್ಯತ್ಯಾಸದ ಅರ್ಧದ ಸೈನ್ ತೆಗೆದು ವರ್ಗ ಮಾಡಿ. ರೇಖಾಂಶ ವ್ಯತ್ಯಾಸದ ಅರ್ಧಕ್ಕೂ ಹಾಗೇ ಮಾಡಿ, ಅದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿ. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ. ಬಂದದ್ದರ ವಿಲೋಮ ಸೈನ್ ತೆಗೆದು 2ರಿಂದಲೂ ಭೂಮಿಯ ಸರಾಸರಿ ತ್ರಿಜ್ಯ 6,371ರಿಂದಲೂ ಗುಣಿಸಿ. ನಮ್ಮ ಊರುಗಳಿಗೆ ಇದೂ 569 ಕಿ.ಮೀ. ಅಂತಲೇ ಹೇಳುತ್ತದೆ. ಹತ್ತಿರದ ದೂರಗಳಿಗೆ ಸುಲಭ ದಾರಿ ಸಾಕು ಎಂದಾಯಿತು ಅಲ್ವಾ.

ಭೂಮಿ ಪೂರ್ತಿ ಗೋಳವೂ ಅಲ್ಲ. ಭೂಮಧ್ಯರೇಖೆಯಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಇದರಿಂದ ಅರ್ಧ ಶೇಕಡಾದಷ್ಟು ಹೆಚ್ಚುಕಡಿಮೆ ಆಗಬಹುದು. ಎರಡು ವೆಬ್‌ಸೈಟ್‌ಗಳು ಒಂದೇ ಜೋಡಿಗೆ ಎರಡು ಮೂರು ಕಿಲೋಮೀಟರ್ ಬೇರೆ ತೋರಿಸಿದರೆ ಸಾಮಾನ್ಯವಾಗಿ ಕಾರಣ ಇದೇ. ತಲೆ ಕೆಡಿಸಿಕೊಳ್ಳಬೇಡಿ.

ವಾಯುಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಅಂದರೆ ಒಂದು ಡಿಗ್ರಿ ಅಕ್ಷಾಂಶದ ಅರವತ್ತನೇ ಒಂದು ಭಾಗ. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗವೇ ಒಂದು ನಾಟ್. ನಮ್ಮ 569 ಕಿ.ಮೀ. ಅಂದರೆ 307 ನಾಟಿಕಲ್ ಮೈಲಿ, ಸಾಮಾನ್ಯ ಮೈಲಿಯಲ್ಲಿ 354. ವೆಬ್‌ಸೈಟ್‌ನಲ್ಲಿ ಬರೀ ಮೈಲಿ ಅಂತಿದ್ದರೆ ಯಾವ ಮೈಲಿ ಅಂತ ನೋಡಿಕೊಳ್ಳಿ.

ಇದೆಲ್ಲ ಯಾಕೆ ಬೇಕು ಅನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ವೆಬ್‌ಸೈಟ್‌ಗೆ ಹೋಗಿ ಎರಡು ಕೋಡ್‌ಗಳ ನಡುವೆ ಅಡ್ಡಗೆರೆ ಹಾಕಿ ಕೊಟ್ಟರೆ ಸಾಕು, ನಕ್ಷೆಯ ಸಮೇತ ದೂರ ಬರುತ್ತದೆ. ಆದರೂ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡಿ ಅನ್ನುತ್ತೇನೆ. ಆಮೇಲೆ ಯಾವ ಪರದೆ ತಪ್ಪು ಸಂಖ್ಯೆ ತೋರಿಸಿದರೂ ನಿಮಗೆ ತಕ್ಷಣ ಅನುಮಾನ ಬರುತ್ತದೆ.

ಹಂತ 4: ಯಾವ ವಿಮಾನ ಅಂತ ತಿಳಿದುಕೊಳ್ಳಿ

ಇಂಟರ್ನೆಟ್‌ನ ಎಷ್ಟೋ ಲೆಕ್ಕಗಳು ಎಡವುವುದು ಇಲ್ಲೇ. ಅವು ದೂರವನ್ನು ಗಂಟೆಗೆ 800 ಕಿ.ಮೀ.ನಂಥ ಜೆಟ್ ವೇಗದಿಂದ ಭಾಗಿಸಿ ಕೈ ತೊಳೆದುಕೊಳ್ಳುತ್ತವೆ. ಸಣ್ಣ ನಿಲ್ದಾಣಗಳಿಗೆ ಬರುವುದು ಹೆಚ್ಚಾಗಿ ಪ್ರೊಪೆಲರ್ ತಿರುಗುವ ಟರ್ಬೊಪ್ರಾಪ್ ವಿಮಾನಗಳು. ಅವುಗಳ ವೇಗ ಬೇರೆ.

- ಎಟಿಆರ್ 72: ಗಂಟೆಗೆ ಸುಮಾರು 510 ಕಿ.ಮೀ.
- ಡ್ಯಾಶ್ 8 ಕ್ಯೂ400: ಸುಮಾರು 660 ಕಿ.ಮೀ.
- ಸೆಸ್ನಾ ಕ್ಯಾರವಾನ್‌ನಂಥ ಒಂಟಿ ಎಂಜಿನ್ ವಿಮಾನ: ಸುಮಾರು 340 ಕಿ.ಮೀ.
- ಏರ್‌ಬಸ್ ಎ320ಯಂಥ ಜೆಟ್: ಸುಮಾರು 830 ಕಿ.ಮೀ.

ಟಿಕೆಟ್ ಬುಕ್ ಮಾಡುವ ಪುಟದಲ್ಲಿ ವಿಮಾನದ ಮಾದರಿ ಬರೆದಿರುತ್ತಾರೆ. ಅಲ್ಲಿ ಕಾಣದಿದ್ದರೆ ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್ ವೆಬ್‌ಸೈಟ್‌ನಲ್ಲಿ ಆ ವಿಮಾನದ ಸಂಖ್ಯೆ ಹಾಕಿ ನೋಡಿ. ನ್ಯೂಜಿಲೆಂಡ್‌ನ ಪ್ರಾದೇಶಿಕ ಮಾರ್ಗಗಳಲ್ಲಿ ಎಟಿಆರ್ 72 ಬಹಳ ಓಡಾಡುತ್ತದೆ. ಹಾಗಾಗಿ ನಾವು 510ನ್ನೇ ಹಿಡಿಯೋಣ.

ಜೆಟ್ ಆದರೆ ಬೇಗ ತಲುಪಬಹುದು ಅನ್ನಿಸುತ್ತದೆ. ಆದರೆ ಹತ್ತಿರದ ಊರುಗಳಿಗೆ ಆ ಲಾಭ ತೀರಾ ಕಡಿಮೆ. ಇಳಿಯಲು ಪೈಲಟ್‌ಗಳು ಬಳಸುವ ಒಂದು ಅಂದಾಜಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಅಂದರೆ 194 ಕಿ.ಮೀ. ಊರು ಇರುವುದೇ 250 ಕಿ.ಮೀ. ದೂರದಲ್ಲಾದರೆ ಜೆಟ್ ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ, ಪೂರ್ತಿ ವೇಗದ ಲಾಭವೂ ಸಿಗುವುದಿಲ್ಲ. ಸಾಲದ್ದಕ್ಕೆ 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದು ಎಂಬ ನಿಯಮ ಹಲವು ದೇಶಗಳಲ್ಲಿದೆ. ಆದ್ದರಿಂದ ಇಂಥ ಮಾರ್ಗದಲ್ಲಿ ಎಟಿಆರ್‌ಗೂ ಜೆಟ್‌ಗೂ ಹತ್ತು ನಿಮಿಷದ ವ್ಯತ್ಯಾಸ ಬಂದರೆ ಜಾಸ್ತಿ.

ಹಂತ 5: ಗೇಟಿನಿಂದ ಗೇಟಿಗೆ ಎಷ್ಟು ಹೊತ್ತು

ಟಿಕೆಟ್ ಮೇಲಿನ ಸಮಯ ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿದ್ದರಿಂದ ಹಿಡಿದು ಇನ್ನೊಂದು ಊರಲ್ಲಿ ಬಂದು ನಿಲ್ಲುವವರೆಗಿನ ಹೊತ್ತು ಅದು. ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ಹೋಗುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವ ಮೊದಲು ರನ್‌ವೇಯ ದಿಕ್ಕಿಗೆ ತಿರುಗಿಕೊಳ್ಳುವುದು ಎಲ್ಲ ಇದರಲ್ಲಿ ಸೇರುತ್ತದೆ.

ನಾನು ಬಳಸುವ ಅಂದಾಜು ಸರಳ. ದೂರವನ್ನು ವೇಗದಿಂದ ಭಾಗಿಸಿ. ಏರಿಳಿತ ಮತ್ತು ಸುತ್ತುದಾರಿಗೆ 15 ನಿಮಿಷ, ನೆಲದ ಮೇಲಿನ ಓಡಾಟಕ್ಕೆ 10 ನಿಮಿಷ ಸೇರಿಸಿ. ದೊಡ್ಡ, ಗಿಜಿಗುಡುವ ನಿಲ್ದಾಣವಾದರೆ ಈ 10ನ್ನು 20 ಮಾಡಿ.

- ಡನೀಡನ್‌ನಿಂದ ನೆಲ್ಸನ್‌ಗೆ ನೇರವಾಗಿ: 569 ÷ 510 = 67 ನಿಮಿಷ. 25 ಸೇರಿಸಿದರೆ 92 ನಿಮಿಷ, ಅಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ.
- ಡನೀಡನ್‌ನಿಂದ ಕ್ರೈಸ್ಟ್‌ಚರ್ಚ್: 328 ಕಿ.ಮೀ., 39 + 25 = 64 ನಿಮಿಷ.
- ಕ್ರೈಸ್ಟ್‌ಚರ್ಚ್‌ನಿಂದ ನೆಲ್ಸನ್: 250 ಕಿ.ಮೀ., 29 + 25 = 54 ನಿಮಿಷ.

ಕೊನೆಯ ಎರಡನ್ನು ಗಮನಿಸಿ. ಸಣ್ಣ ದೂರದಲ್ಲಿ ಆ 25 ನಿಮಿಷವೇ ಸುಮಾರು ಅರ್ಧ ಪ್ರಯಾಣ.

ತೀರಾ ಸಣ್ಣ ವಿಮಾನಗಳಿಗೆ ಈ ಅಂದಾಜು ಹೊಂದುವುದಿಲ್ಲ. ಸ್ಕಾಟ್ಲೆಂಡ್‌ನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹೋಗುವ ವಿಮಾನ ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ಹಾರಾಟ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡೇ ನಿಮಿಷ.

ಹಂತ 6: ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ವಿಮಾನದ ವೇಗ ಅಂದರೆ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಹೊಳೆಯಲ್ಲಿ ದೋಣಿ ಸಾಗುವ ಹಾಗೆ, ಗಾಳಿಯೇ ಮುಂದಕ್ಕೆ ಹರಿಯುತ್ತಿದ್ದರೆ ವಿಮಾನ ನೆಲದ ಲೆಕ್ಕದಲ್ಲಿ ಬೇಗ ಹೋಗುತ್ತದೆ. ಎದುರಿಗೆ ಬಂದರೆ ನಿಧಾನ. ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನಮ್ಮ 569 ಕಿ.ಮೀ.ಗೆ 56 ನಿಮಿಷ, ಎದುರಿಗಿದ್ದರೆ 83 ನಿಮಿಷ. ಹೋಗುವಾಗ ಉಳಿದದ್ದು 11 ನಿಮಿಷ, ಬರುವಾಗ ಕಳೆದದ್ದು 16. ಹೋಗಿಬರುವಾಗ ಗಾಳಿಯ ಲಾಭ-ನಷ್ಟ ಸರಿಹೋಗುತ್ತದೆ ಅಂದುಕೊಳ್ಳುತ್ತೇವೆ, ಆದರೆ ಹಾಗಾಗುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಅದಕ್ಕೇ ನಷ್ಟ ಯಾವಾಗಲೂ ಒಂದು ಕೈ ಮೇಲೆ.

ಗಾಳಿ ನೇರವಾಗಿ ಬೆನ್ನಿಗೋ ಎದುರಿಗೋ ಬರುವುದು ಅಪರೂಪ. ನ್ಯೂಜಿಲೆಂಡ್ ಪಡುಗಾಳಿ ಬಲವಾಗಿ ಬೀಸುವ ಪಟ್ಟಿಯಲ್ಲಿದೆ. ನಮ್ಮ ಮಾರ್ಗ ಉತ್ತರದಿಂದ ಸುಮಾರು 25 ಡಿಗ್ರಿ ಪೂರ್ವಕ್ಕೆ ವಾಲಿದೆ. ಗಾಳಿ ಸಾಗುವ ದಿಕ್ಕಿಗೂ ವಿಮಾನದ ದಿಕ್ಕಿಗೂ ನಡುವೆ 65 ಡಿಗ್ರಿ ಕೋನ. ಅದರ ಕೊಸೈನ್ 0.42. ಅಂದರೆ ಗಂಟೆಗೆ 60 ಕಿ.ಮೀ. ಪಡುಗಾಳಿ ಬೀಸಿದರೂ ವಿಮಾನಕ್ಕೆ ಸಿಗುವ ತಳ್ಳು ಬರೀ 25 ಕಿ.ಮೀ. ನಿಮ್ಮ ಮಾರ್ಗ ಪೂರ್ವ-ಪಶ್ಚಿಮವಾಗಿದ್ದರೆ ಗಾಳಿಗೆ ಜಾಸ್ತಿ ಬೆಲೆ ಕೊಡಿ, ಉತ್ತರ-ದಕ್ಷಿಣವಾಗಿದ್ದರೆ ಕಡಿಮೆ ಸಾಕು.

ಹಂತ 7: ನೇರ ವಿಮಾನ ಇದೆಯೇ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಕೇಳಬೇಕಾದ ದೊಡ್ಡ ಪ್ರಶ್ನೆ ಇದು. ಎರಡೂ ಸಣ್ಣ ನಿಲ್ದಾಣಗಳಾದರೆ ಹೆಚ್ಚಿನ ಸಲ ಉತ್ತರ ಇಲ್ಲ ಅಂತಲೇ. ವಿಮಾನ ಸಂಸ್ಥೆಗಳು ಸಣ್ಣ ಊರುಗಳ ಪ್ರಯಾಣಿಕರನ್ನು ದೊಡ್ಡ ನಿಲ್ದಾಣಕ್ಕೆ ತಂದು, ಅಲ್ಲಿಂದ ಬೇರೆ ಬೇರೆ ಕಡೆಗೆ ಹಂಚುತ್ತವೆ. ಆ ದೊಡ್ಡ ನಿಲ್ದಾಣವನ್ನು ಹಬ್ ಅನ್ನುತ್ತಾರೆ.

ನಮ್ಮ ಉದಾಹರಣೆಯಲ್ಲಿ ಕ್ರೈಸ್ಟ್‌ಚರ್ಚ್ ಅಥವಾ ವೆಲ್ಲಿಂಗ್ಟನ್‌ನಲ್ಲಿ ವಿಮಾನ ಬದಲಿಸಬಹುದು. ಕ್ರೈಸ್ಟ್‌ಚರ್ಚ್ ಮೇಲಿನಿಂದ ಹೋದರೆ 328 + 250 = 578 ಕಿ.ಮೀ. ನೇರ ದೂರಕ್ಕಿಂತ ಬರೀ 9 ಕಿ.ಮೀ. ಜಾಸ್ತಿ! ಅದು ಹೆಚ್ಚುಕಡಿಮೆ ದಾರಿಯಲ್ಲೇ ಇದೆ. ವೆಲ್ಲಿಂಗ್ಟನ್ ಮೇಲಿನಿಂದಾದರೆ 632 + 132 = 764 ಕಿ.ಮೀ. ದಕ್ಷಿಣ ದ್ವೀಪವನ್ನೇ ಬಿಟ್ಟು, ಕುಕ್ ಜಲಸಂಧಿಯ ಆಚೆ ಉತ್ತರ ದ್ವೀಪದಲ್ಲಿ ಇಳಿದು, ಮತ್ತೆ ಪಶ್ಚಿಮಕ್ಕೆ ಬರಬೇಕು.

ಈಗ ದೂರ ಬಿಟ್ಟು ಸಮಯ ನೋಡಿ. ಕ್ರೈಸ್ಟ್‌ಚರ್ಚ್ ದಾರಿಯಲ್ಲಿ ವಿಮಾನದೊಳಗಿನ ಹೊತ್ತೇ 64 + 54 = 118 ನಿಮಿಷ. 9 ಕಿ.ಮೀ. ಹೆಚ್ಚಾದದ್ದಕ್ಕೆ 26 ನಿಮಿಷ ಹೆಚ್ಚು! ಕಾರಣ ಗೊತ್ತೇ ಇದೆ: ಇನ್ನೊಂದು ಸಲ ಇಳಿಯಬೇಕು, ಇನ್ನೊಂದು ಸಲ ಏರಬೇಕು. ಅದರ ಮೇಲೆ ಕಾಯುವ ಹೊತ್ತು ಬೇರೆ. ಮುಂದಿನ ವಿಮಾನ ಒಂದು ಗಂಟೆ ಬಿಟ್ಟು ಇದ್ದರೆ ಒಂದು ಗಂಟೆ, ನಾಲ್ಕು ಗಂಟೆ ಬಿಟ್ಟು ಇದ್ದರೆ ನಾಲ್ಕು ಗಂಟೆ.

ಹಾಗಾಗಿ ಹಬ್ ಆರಿಸುವಾಗ ಕಿಲೋಮೀಟರ್ ನೋಡಬೇಡಿ, ಎರಡು ವಿಮಾನಗಳ ನಡುವಿನ ಬಿಡುವು ನೋಡಿ. ವೆಲ್ಲಿಂಗ್ಟನ್ ದಾರಿ 186 ಕಿ.ಮೀ. ಉದ್ದವಾದರೂ ಹಾರಾಟದಲ್ಲಿ ಹೆಚ್ಚಾಗುವುದು ಇಪ್ಪತ್ತೆರಡು ನಿಮಿಷ ಮಾತ್ರ. ಅಲ್ಲಿ ಮುಂದಿನ ವಿಮಾನ ಬೇಗ ಸಿಗುವುದಾದರೆ ಆ ದಾರಿಯೇ ವಾಸಿ.

ಬಿಡುವು ತೀರಾ ಕಡಿಮೆಯೂ ಇರಬಾರದು. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಕನಿಷ್ಠ ಇಷ್ಟು ಹೊತ್ತು ಬೇಕು ಅಂತ ನಿಗದಿ ಮಾಡಿರುತ್ತಾರೆ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ತೆಗೆದುಕೊಂಡರೆ ಅದಕ್ಕಿಂತ ಕಡಿಮೆ ಬಿಡುವಿನ ಜೋಡಿಯನ್ನು ನಿಮಗೆ ಮಾರುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಸಂಸ್ಥೆಯೇ ಮುಂದಿನದಕ್ಕೆ ಹತ್ತಿಸುತ್ತದೆ. ಬೇರೆ ಬೇರೆ ಟಿಕೆಟ್ ತೆಗೆದರೆ ಈ ರಕ್ಷಣೆ ಇರುವುದಿಲ್ಲ. ಬ್ಯಾಗನ್ನೂ ನೀವೇ ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಬಹುದು. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಸಣ್ಣ ಊರಿಗೆ ಹೋಗುವಾಗ ಹೀಗೆ ಮಾಡಬೇಡಿ. ಅಲ್ಲಿಗೆ ದಿನಕ್ಕೆ ಎರಡೋ ಮೂರೋ ವಿಮಾನ ಇರುತ್ತವೆ. ಒಂದು ತಪ್ಪಿದರೆ ಆ ದಿನವೇ ಹೋದಂತೆ.

ಹಂತ 8: ಗಡಿಯಾರ ನೋಡಿಕೊಳ್ಳಿ

ವೇಳಾಪಟ್ಟಿಯಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದನ್ನು ಇನ್ನೊಂದರಿಂದ ಸುಮ್ನೆ ಕಳೆದರೆ ಎಡವಟ್ಟಾಗಬಹುದು. ಡನೀಡನ್, ನೆಲ್ಸನ್ ಒಂದೇ ಗಡಿಯಾರದಲ್ಲಿವೆ. ಆದರೆ ಅದೇ ದೇಶದ ಚಾಥಮ್ ದ್ವೀಪಗಳು 45 ನಿಮಿಷ ಮುಂದಿವೆ. ಕ್ರೈಸ್ಟ್‌ಚರ್ಚ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟು ಎರಡು ಗಂಟೆ ಹಾರಿದರೆ ಅಲ್ಲಿನ ಗಡಿಯಾರದಲ್ಲಿ 12:45. ವಾಪಸ್ ಬರುವಾಗ 10ಕ್ಕೆ ಹೊರಟು ಅಷ್ಟೇ ಹೊತ್ತು ಹಾರಿದರೆ 11:15. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ, ಬದಲಾವಣೆಯ ದಿನದ ಹಿಂದೆಮುಂದೆ ಪ್ರಯಾಣವಿದ್ದರೆ ಇನ್ನೂ ಎಚ್ಚರ ಬೇಕು.

ಹಂತ 9: ಮನೆ ಬಾಗಿಲಿನಿಂದ ಕೂಡಿಸಿ

ಈಗ ನಿಜವಾದ ಪ್ರಯಾಣದ ಸಮಯ. ಕ್ರೈಸ್ಟ್‌ಚರ್ಚ್ ದಾರಿಯನ್ನೇ ಹಿಡಿದು, ಎಲ್ಲ ಸಲೀಸಾಗಿ ನಡೆದರೆ ಎಷ್ಟಾಗುತ್ತದೆ ನೋಡೋಣ.

- ಊರಿನಿಂದ ಡನೀಡನ್ ನಿಲ್ದಾಣಕ್ಕೆ: 35 ನಿಮಿಷ
- ವಿಮಾನಕ್ಕೆ ಮುಂಚೆ ಅಲ್ಲಿರಬೇಕಾದ ಹೊತ್ತು: 45 ನಿಮಿಷ
- ಮೊದಲ ವಿಮಾನ: 64 ನಿಮಿಷ
- ಕ್ರೈಸ್ಟ್‌ಚರ್ಚ್‌ನಲ್ಲಿ ಬಿಡುವು: 75 ನಿಮಿಷ
- ಎರಡನೇ ವಿಮಾನ: 54 ನಿಮಿಷ
- ಇಳಿದು ಬ್ಯಾಗ್ ಪಡೆಯಲು: 15 ನಿಮಿಷ
- ನೆಲ್ಸನ್ ಪಟ್ಟಣಕ್ಕೆ: 15 ನಿಮಿಷ

ಒಟ್ಟು 303 ನಿಮಿಷ, ಐದು ಗಂಟೆ. ಮೊಬೈಲ್ ಹೇಳಿದ್ದು 1 ಗಂಟೆ 10 ನಿಮಿಷ! 569 ಕಿ.ಮೀ. ದೂರವನ್ನು ಐದು ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ ಸುಮಾರು 114 ಕಿ.ಮೀ.

ಹಾಗಂತ ವಿಮಾನ ಬೇಡ ಅಂತಲ್ಲ. ರಸ್ತೆಯಲ್ಲಿ ಇದೇ ಪ್ರಯಾಣ 750 ಕಿ.ಮೀ.ಗೂ ಹೆಚ್ಚು, ಪೂರ್ತಿ ಒಂದು ದಿನ ಬೇಕು. ಆದರೆ ದೂರ 250–300 ಕಿ.ಮೀ. ಒಳಗಿದ್ದು, ವಿಮಾನ ಬದಲಿಸಬೇಕಾಗಿದ್ದು, ರಸ್ತೆ ಚೆನ್ನಾಗಿದ್ದರೆ ಬಸ್ಸೋ ರೈಲೋ ಕಾರೋ ಗೆಲ್ಲುವ ಸಾಧ್ಯತೆಯೇ ಜಾಸ್ತಿ. ಇದೇ ಪಟ್ಟಿಯನ್ನು ಎರಡು ಕಂಬಸಾಲಿನಲ್ಲಿ ಬರೆದು ಹೋಲಿಸಿ ನೋಡಿ.

ನಿಲ್ದಾಣದಲ್ಲಿ ಎಷ್ಟು ಮುಂಚೆ ಇರಬೇಕು ಎನ್ನುವುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ನ್ಯೂಜಿಲೆಂಡ್‌ನಲ್ಲಿ 90ಕ್ಕಿಂತ ಕಡಿಮೆ ಸೀಟುಗಳ ದೇಶೀಯ ವಿಮಾನಗಳಿಗೆ ಸಾಮಾನ್ಯವಾಗಿ ಭದ್ರತಾ ತಪಾಸಣೆಯೇ ಇರುವುದಿಲ್ಲ. ಬೇರೆ ಎಷ್ಟೋ ದೇಶಗಳಲ್ಲಿ ಎಷ್ಟೇ ಸಣ್ಣ ವಿಮಾನವಾದರೂ ಸಾಲಿನಲ್ಲಿ ನಿಲ್ಲಲೇಬೇಕು. ಚೆಕ್‌ಇನ್ ಯಾವಾಗ ಮುಚ್ಚುತ್ತದೆ ಎಂಬುದು ಟಿಕೆಟ್ ಮೇಲೆ ಇರುತ್ತದೆ, ಅದನ್ನೇ ಗಟ್ಟಿಯಾಗಿ ಹಿಡಿಯಿರಿ.

ಕೊನೆಗೆ, ಬುಕ್ ಮಾಡುವ ಮುಂಚೆ ಆ ಮಾರ್ಗದ ಹಿಂದಿನ ಒಂದೆರಡು ವಾರದ ದಾಖಲೆಯನ್ನು ಫ್ಲೈಟ್‌ಅವೇರ್‌ನಂಥ ಕಡೆ ನೋಡಿ. ನಿಜಕ್ಕೂ ಯಾವಾಗ ಹೊರಟಿತು, ಯಾವಾಗ ಇಳಿಯಿತು, ಎಷ್ಟು ಸಲ ರದ್ದಾಯಿತು ಎಲ್ಲ ಅಲ್ಲಿ ಕಾಣುತ್ತದೆ. ಮಂಜು ಕವಿದಾಗ ಇಳಿಸಲು ಬೇಕಾದ ಉಪಕರಣಗಳು ಎಲ್ಲ ಸಣ್ಣ ನಿಲ್ದಾಣಗಳಲ್ಲೂ ಇರುವುದಿಲ್ಲ. ಬೆಳಗಿನ ವಿಮಾನಗಳು ಮೇಲಿಂದ ಮೇಲೆ ತಡವಾಗಿದ್ದರೆ ಮಧ್ಯಾಹ್ನದ್ದನ್ನು ಆರಿಸಿ. ತಪ್ಪಿಸಿಕೊಳ್ಳಲಾಗದ ಕೆಲಸವಿದ್ದರೆ ದಿನದ ಕೊನೆಯ ವಿಮಾನವನ್ನು ಬಿಟ್ಟು, ಅದರ ಹಿಂದಿನದಕ್ಕೆ ಟಿಕೆಟ್ ತೆಗೆದುಕೊಳ್ಳಿ.